ತಾತನ ದೋಣಿಗೆ ತಾತನ ಸಹಿ

(ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮಾರ್ಬಲ್‌ಹೆಡ್ ಊರು. ರೆಡ್ಸ್ ಪಾಂಡ್ ಕೊಳದ ದಂಡೆ. ಆಟಿಕೆ ಹಾಯಿದೋಣಿ ಪಂದ್ಯದ ನೋಂದಣಿ ಮೇಜು.)

ಅರ್ಜಿದಾರ: ಸ್ವಾಮಿ, ಈ ದೋಣಿಯನ್ನು ನೋಂದಾಯಿಸಿಕೊಳ್ಳಿ. ತಾತ ಮರದಲ್ಲಿ ಕಟ್ಟಿದ್ದು.

ಕಾರ್ಯದರ್ಶಿ: ಮರವೇ? ಈಗೆಲ್ಲ ಕಾರ್ಬನ್ ಫೈಬರ್! ನಿಯಮ ಗೊತ್ತೇನ್ರಿ?

ಅರ್ಜಿದಾರ: ಗೊತ್ತು. ಈ ಊರಿನ ಹೆಸರನ್ನೇ ಹೊತ್ತ ವರ್ಗವಲ್ಲವೇ? ಒಡಲಿನ ಉದ್ದ 50 ಇಂಚು, ಹಾಯಿ 800 ಚದರ ಇಂಚು. ಅಳೆದು ನೋಡಿ.

ಕಾರ್ಯದರ್ಶಿ: (ಅಳೆದು, ಬೆವರೊರೆಸಿಕೊಂಡು) ಸರಿಯಾಗಿಯೇ ಇದೆ. ಅದೇ ತೊಂದರೆ!

ಅರ್ಜಿದಾರ: ಅಂದರೆ?

ಕಾರ್ಯದರ್ಶಿ: ತಪ್ಪಿದ್ದರೆ ಒಂದೇ ಮಾತಿನಲ್ಲಿ ವಾಪಸು ಕಳಿಸಬಹುದಿತ್ತು. ಇರಲಿ, ಮೂಲ ಅಳತೆಪತ್ರ?

ಅರ್ಜಿದಾರ: ಕಳೆದುಹೋಗಿದೆ.

ಕಾರ್ಯದರ್ಶಿ: ಹಾಗಾದರೆ ಕಟ್ಟಿದವರ ಸಹಿ ತನ್ನಿ.

ಅರ್ಜಿದಾರ: ತೀರಿಕೊಂಡಿದ್ದಾರೆ ಸ್ವಾಮಿ. ಅವರ ಕಾಲದಲ್ಲಿ ರೇಡಿಯೊ ನಿಯಂತ್ರಣವಿಲ್ಲದೆ ದೋಣಿ ಬಿಡುತ್ತಿದ್ದರು. ಕೋಲು ಹಿಡಿದು ದಂಡೆಯುದ್ದಕ್ಕೂ ದೋಣಿಯ ಜೊತೆ ಓಡುತ್ತಿದ್ದರು.

ಕಾರ್ಯದರ್ಶಿ: ಸರಿ. ಈಗ ತೀರಿಕೊಂಡದ್ದಕ್ಕೆ ಒಂದು ಪತ್ರ, ಕಟ್ಟುವಾಗ ಬದುಕಿದ್ದರು ಎಂಬುದಕ್ಕೆ ಇನ್ನೊಂದು ಪತ್ರ.

ಅರ್ಜಿದಾರ: ಇವತ್ತಿನ ಪಂದ್ಯಕ್ಕೆ ಎಷ್ಟು ದೋಣಿ ಬಂದಿವೆ?

ಕಾರ್ಯದರ್ಶಿ: ಎರಡು. ಒಂದು ನನ್ನದು.

ಅರ್ಜಿದಾರ: ಮೂರನೆಯದು ಬಂದರೆ ಒಳ್ಳೆಯದಲ್ಲವೇ?

ಕಾರ್ಯದರ್ಶಿ: ವರ್ಗಕ್ಕೆ ಒಳ್ಳೆಯದು. ಎರಡನೇ ಬಹುಮಾನ ಖಾತ್ರಿಯಾಗಿರುವ ನನಗೆ?

ಓದುಗರೇ, ಟೇಪು ಒಪ್ಪಿದ ದೋಣಿಯ ವಯಸ್ಸು ಕೇಳಬಾರದು. ಹಳೆಯದನ್ನೆಲ್ಲ ಹೊರಗಿಟ್ಟರೆ ಕೊಳದಲ್ಲಿ ತೇಲುವುದು ನಿಯಮಪುಸ್ತಕ ಒಂದೇ.