ರಾಯರ ಕಡಲಿಗೆ ಗ್ರಹಣ

ಬೆಂಗಳೂರಿನ ಆ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯ ಕಿಟಕಿ ಸಂಜೆಯಾದರೆ ಸಾಕು, ಕಡುನೀಲಿಗೆ ತಿರುಗುತ್ತದೆ. ಬಾರ್ ಅಲ್ಲ, ಸ್ಕ್ಯಾನಿಂಗ್ ಸೆಂಟರೂ ಅಲ್ಲ. ಅಲ್ಲಿ ಸಮುದ್ರವಿದೆ: ಎರಡಡಿ ಉದ್ದ, ನೂರು ಲೀಟರು. ಅದರ ಒಡೆಯರು ರೀಫ್ ರಾಯರು.

ಒಂದು ಕಾಲದಲ್ಲಿ ಗೋಲ್ಡ್ ಫಿಶ್ ಸಾಕಿದ್ದವರು. ಈಗ ಆ ಮಾತೆತ್ತಿದರೆ, ಸಂಗೀತ ಕಚೇರಿಯ ನಡುವೆ ಯಾರೋ ಆರ್ಕೆಸ್ಟ್ರಾ ಹಾಡು ಕೇಳಿದಾಗ ವಿದ್ವಾಂಸರು ಮಾಡುವಂಥ ಮುಖ ಮಾಡುತ್ತಾರೆ. ಮನೆಮಂದಿಗೆ ನಲ್ಲಿಯ ಕಾವೇರಿ. ತೊಟ್ಟಿಯಲ್ಲಿ ಸಾಕಿದ ಹವಳಕ್ಕೆ ಮಾತ್ರ ಆರ್‌ಓ ದಾಟಿ, ಇನ್ನೊಂದು ಫಿಲ್ಟರನ್ನೂ ದಾಟಿ ಬಂದ ಟಿಡಿಎಸ್ ಸೊನ್ನೆಯ ನೀರು. ಅದಕ್ಕೆ ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಬಕೆಟ್‌ಗಟ್ಟಲೆ ತರಿಸಿದ ಕಡಲುಪ್ಪಿನ ಮಿಶ್ರಣ. ಸಾರಿಗೆ ಉಪ್ಪು ಮುಂದಾಯಿತು ಎನ್ನುವ ಹಕ್ಕನ್ನು ರಾಯರು ಅಂದೇ ಕಳೆದುಕೊಂಡರು.

ಸಾಕಿರುವುದು ಬಟನ್ ಪಾಲಿಪ್, ಮಶ್ರೂಮ್‌ನಂಥ ಮೆತ್ತನೆಯ ಜಾತಿಗಳನ್ನು. ಕಲ್ಲುಹವಳಕ್ಕೆ 2001ರಿಂದ ವನ್ಯಜೀವಿ ಕಾಯಿದೆಯಲ್ಲಿ ಹುಲಿಗಿರುವಷ್ಟೇ ರಕ್ಷಣೆಯಿದೆ. ಹುಲಿ ಸಾಕುವಷ್ಟು ಧೈರ್ಯ ರಾಯರಿಗಿಲ್ಲ. ಈ ಮೆತ್ತನೆಯ ಜೀವಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿಯೊಂದು ಬಾಡಿಗೆಗಿದೆ. ಅದು ಬೆಳಕಿನಲ್ಲಿ ಸಕ್ಕರೆ ಬೇಯಿಸಿ ಮನೆಯ ಮಾಲೀಕರಿಗೆ ಬಾಡಿಗೆ ಕಟ್ಟುತ್ತದೆ. ಹಾಗಾಗಿ ಬೆಳಕು ಬೇಕೇ ಬೇಕು, ಅದೂ ಕಡಲಾಳಕ್ಕೆ ಇಳಿಯುವ ನೀಲಿ ಬೆಳಕು. ಕರೆಯದೆ ಬಂದ ಪಾಚಿಗೂ ಅದೇ ಬೆಳಕು ಸಾಕು ಎನ್ನುವುದೇ ಪೇಚು.

ಬಂದೇ ಬಂತು. ಮೊದಲು ಮರಳಿನ ಮೇಲೆ ಕಾಫಿ ಚೆಲ್ಲಿದಂಥ ಕಂದು ಡಯಾಟಮ್, ಆಮೇಲೆ ಕಲ್ಲಿಗೆಲ್ಲ ಹಸಿರು ಗಡ್ಡ. "ಹುಲ್ಲು ಎಷ್ಟು ಚೆನ್ನಾಗಿ ಬೆಳೆಸಿದ್ದೀರಿ ಸಾರ್!" ಎಂದು ಪಕ್ಕದ ಮನೆಯವರು ಮೆಚ್ಚಿದ ದಿನ ರಾಯರಿಗೆ ಊಟ ಸೇರಲಿಲ್ಲ.

ಚಿಕಿತ್ಸೆಯೆಲ್ಲ ದೀಪಕ್ಕೆ. ಹತ್ತು ಗಂಟೆಯ ಬೆಳಕು ಎಂಟಾಯಿತು, ಆರಾಯಿತು. ಆಫೀಸಿನ ಮೀಟಿಂಗಿನಲ್ಲಿ ಮೇಜಿನ ಕೆಳಗೆ ಫೋನ್ ಹಿಡಿದು, ಮನೆಯ ಸಮುದ್ರದ ಬಿಳಿ ಬೆಳಕನ್ನು ಶೇಕಡಾ 5 ಇಳಿಸಿದರು. ಪಾಚಿ ಮೇಯಲು ಟರ್ಬೋ ಬಸವನಹುಳುಗಳನ್ನು ನೇಮಿಸಿದರು. ಮೇಯುವುದೇನೋ ಮೇಯುತ್ತವೆ, ಮಗುಚಿ ಬಿದ್ದರೆ ಮಾತ್ರ ಎಷ್ಟೋ ಸಲ ತಾವಾಗಿ ಏಳಲಾರವು. ರಾತ್ರಿ ಎರಡಕ್ಕೆ ಟಾರ್ಚ್ ಹಿಡಿದು ಅವನ್ನು ಇಕ್ಕಳದಿಂದ ಎತ್ತಿ ಕೂರಿಸುವ ಸೇವೆ ಯಜಮಾನರದು. ಹಗಲು ಕಲ್ಲು ಉಜ್ಜುವುದೂ ಅವರೇ. ಮನೆಯ ಹಲ್ಲುಜ್ಜುವ ಬ್ರಷ್‌ಗಳ ಲೆಕ್ಕ ಆಗಿನಿಂದ ತಪ್ಪಿದೆ.

ಕೊನೆಗೆ ಬ್ರಹ್ಮಾಸ್ತ್ರ: ಮೂರು ದಿನ ಪೂರ್ತಿ ಕತ್ತಲು. ತೊಟ್ಟಿಗೆ ಹಾಸಿಗೆಯ ಚಾದರ ಹೊದಿಸಿದರು. ಅಮ್ಮ ಬಂದು ನೋಡಿ, "ಗ್ರಹಣ ಯಾವಾಗ ಬಿಡತ್ತೋ?" ಎಂದು ಕೇಳಿ, ಯಾವುದಕ್ಕೂ ಇರಲಿ ಎಂದು ಮುಚ್ಚಳದ ಮೇಲೆ ಎರಡೆಳೆ ದರ್ಭೆ ಇಟ್ಟರು. ನಾಲ್ಕನೆಯ ದಿನ ತೆರೆದರೆ ಗಡ್ಡ ಸೊರಗಿತ್ತು. ಕೀರ್ತಿ ದರ್ಭೆಗೋ ಚಾದರಕ್ಕೋ ಎಂಬ ವಾದ ಮುಗಿಯುವಷ್ಟರಲ್ಲಿ ಮತ್ತೆ ಚಿಗುರಿತು. ಸತ್ತ ಪಾಚಿ ಕೊಳೆತು, ತಿಂದಿದ್ದ ಫಾಸ್ಫೇಟನ್ನೆಲ್ಲ ನೀರಿಗೇ ಕಕ್ಕಿತ್ತು.

ಆ ಫಾಸ್ಫೇಟಿನ ತವರು ಮೀನಿನ ಊಟದ ಡಬ್ಬಿ. ದೀಪಕ್ಕೆ ಟೈಮರ್ ಇದೆ, ರಾಯರ ಕೈಗಿಲ್ಲ. ನೆಂಟರು ಬಂದರೆ ಕ್ಲೌನ್‌ಫಿಶ್ ಜೋಡಿ ಮೇಲೇರಿ ಬಳುಕುವುದನ್ನು ತೋರಿಸಬೇಡವೇ? ಒಂದು ಚಿಟಿಕೆ. ಗ್ಯಾಸ್ ತಂದವನು ಬೆರಗಾಗಿ ನಿಂತರೆ ಇನ್ನೊಂದು ಚಿಟಿಕೆ. ಯಾರೂ ಬರದಿದ್ದರೆ, "ಪಾಪ, ಹೇಗೆ ನೋಡ್ತಿವೆ ನೋಡು" ಎಂದು ಮತ್ತೊಂದು. ಮೀನು ತಿನ್ನದೆ ಬಿಟ್ಟದ್ದು, ತಿಂದು ಬಿಟ್ಟದ್ದು ಎರಡೂ ಪಾಚಿಗೆ ಗೊಬ್ಬರ.

"ರೀ, ದೀಪ ಆರಿಸಿದ್ದು ಸಾಕು, ಡಬ್ಬಿ ಮುಚ್ಚಿ" ಎಂದು ಹೆಂಡತಿ ಹೇಳಿ ವರ್ಷವಾಯಿತು. ಅವರು ಸಸ್ಯಶಾಸ್ತ್ರ ಓದಿದವರಲ್ಲ, ಕುಂಡದಲ್ಲಿ ಗುಲಾಬಿ ಬೆಳೆಸಿದವರು.

ಅಕ್ಟೋಬರಿನಲ್ಲಿ ಸಂಸಾರ ಮಲ್ಪೆಗೆ ಹೋಯಿತು. ಎಲ್ಲರೂ ಅಲೆಗೆ ಕಾಲೊಡ್ಡಿ ನಿಂತಿದ್ದರೆ ರಾಯರು ಜೇಬಿನಿಂದ ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್ ತೆಗೆದು, ಅರಬ್ಬೀ ಸಮುದ್ರದ ಎರಡು ಹನಿ ಹಾಕಿ, ಬಿಸಿಲಿಗೆ ಹಿಡಿದು ನೋಡಿದರು. ಹೊಳೆಗಳು ತಂದು ಸುರಿದ ಮಳೆನೀರು ಇನ್ನೂ ಬೆರೆತಿತ್ತು, 1.025 ಇರಬೇಕಾದಲ್ಲಿ 1.022. "ಮೇಂಟೆನೆನ್ಸ್ ಸರಿಯಿಲ್ಲ" ಎಂದು ತಲೆಯಾಡಿಸಿದರು. ಅಷ್ಟರಲ್ಲಿ ದಡದ ತಿಳಿನೀರಿನಲ್ಲಿ ನಾಲ್ಕು ಮರಿಮೀನು ಸುಳಿದವು. ಹೆಂಡತಿ ಮೆಲ್ಲಗೆ ಅವರ ಕೈಯಿಂದ ಚುರುಮುರಿ ಪೊಟ್ಟಣ ತೆಗೆದುಕೊಂಡರು.