ಒಂದೇ ದಿನದಲ್ಲಿ ಹಂಪಿ ಮುಗಿಸಿದ ಮಹಾನುಭಾವರಿಗೆ

ಬೆನ್ನ ಮೇಲೆ ಚೀಲ, ಕೈಯಲ್ಲಿ ಫೋನು, ಕಣ್ಣಲ್ಲಿ ಅರೆನಿದ್ದೆ ಹೊತ್ತು ಬಂದುಹೋದ ಅತಿಥಿಗಳೇ,

ಕಡ್ಡಿರಾಂಪುರದಿಂದ ನಿಮಗೆ ನಮಸ್ಕಾರ. ಊರಿನ ಹೆಸರು ನೆನಪಾಗುತ್ತಿಲ್ಲವೇ? ನೆನಪಾಗದಿರುವುದೇ ಸಹಜ. ಹೊಸಪೇಟೆಯಲ್ಲಿ ಆಟೊ ಹತ್ತಿ, ಅನಂತಶಯನಗುಡಿ ದಾಟಿ ಹಂಪಿ ಕಡೆ ಬರುವಾಗ ನೀವು ಫೋನಿನಲ್ಲಿ ‘ಹಂಪಿಯಲ್ಲಿ ನೋಡಲೇಬೇಕಾದ ಜಾಗಗಳು’ ಎಂದು ಹುಡುಕುತ್ತಿದ್ದಿರಲ್ಲ, ಆಗ ಪಕ್ಕದಲ್ಲಿ ಹಾದುಹೋದ ಊರು ನಮ್ಮದು. ಎಮ್ಮೆಗಳು ಅಡ್ಡ ಬಂದವು, ಡ್ರೈವರ್ ಬ್ರೇಕ್ ಹಾಕಿದ, ನೀವು ತಲೆ ಎತ್ತಿದಿರಿ, ಮತ್ತೆ ತಗ್ಗಿಸಿದಿರಿ. ನಮ್ಮ ನಿಮ್ಮ ಪರಿಚಯ ಅಷ್ಟೇ. ಆದರೂ ಈ ಪತ್ರ ಬರೆಯುವ ಸಲಿಗೆ ತೆಗೆದುಕೊಂಡಿದ್ದೇನೆ.

ರಾತ್ರಿ ಬೆಂಗಳೂರಿನಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ, ಬೆಳಿಗ್ಗೆ ಹೊಸಪೇಟೆಯಲ್ಲಿಳಿದು, ಅದೇ ರಾತ್ರಿ ಹಿಂತಿರುಗುವಷ್ಟರಲ್ಲಿ ಹಂಪಿ ಮುಗಿಸಿದಿರಂತೆ. ಅಭಿನಂದನೆಗಳು. 1565ರಲ್ಲಿ ವಿಜಯನಗರದ ವಿರುದ್ಧ ಯುದ್ಧ ಗೆದ್ದ ಸುಲ್ತಾನರ ಪಡೆಗಳು ತಿಂಗಳುಗಟ್ಟಲೆ ಇಲ್ಲೇ ಬೀಡುಬಿಟ್ಟು, ಬೆಂಕಿ ಹಚ್ಚಿ, ಹಾರೆ ಹಿಡಿದು ಬಡಿದರೂ ಹಂಪಿಯನ್ನು ಪೂರ್ತಿ ಮುಗಿಸಲು ಆಗಿರಲಿಲ್ಲ. ನೀವು ಸೂರ್ಯ ಮುಳುಗುವುದರೊಳಗೆ ಮುಗಿಸಿದಿರಿ, ಅದೂ ಊಟಕ್ಕೆ ಬಿಡುವು ಮಾಡಿಕೊಂಡು.

ನಿಮ್ಮ ವೇಗವನ್ನು ಸುಮ್ಮನೆ ಕೂತು ಲೆಕ್ಕ ಹಾಕಿದೆ. 1986ರಲ್ಲಿ ಹಂಪಿಯನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದ ಯುನೆಸ್ಕೊ ಹೇಳುವಂತೆ ಇಲ್ಲಿ ಉಳಿದಿರುವ ಅವಶೇಷಗಳು 1,600ಕ್ಕೂ ಹೆಚ್ಚು. ಹರಡಿಕೊಂಡಿರುವುದು 41 ಚದರ ಕಿಲೋಮೀಟರಿಗೂ ಮೀರಿ. ನಿಮ್ಮ ಎಂಟು ತಾಸನ್ನು ಹಂಚಿದರೆ ಒಂದೊಂದರ ಪಾಲಿಗೆ ಬರುವುದು 18 ಸೆಕೆಂಡು. ಸಾಸಿವೆಕಾಳು ಗಣಪನಿಗೆ 18, ಕಡಲೆಕಾಳು ಗಣಪನಿಗೂ 18. ಅಣ್ಣ ದೊಡ್ಡವನು, ತಮ್ಮ ಚಿಕ್ಕವನು ಎಂಬ ಭೇದವೇ ಇಲ್ಲದ ಇಂಥ ಸಮಾನತೆ ನಮ್ಮ ರಾಯರ ಕಾಲದಲ್ಲೂ ಇರಲಿಲ್ಲ.

ಹಿಂದಿನವರಿಗೆ ಈ ಚಾಕಚಕ್ಯ ಎಲ್ಲಿಂದ ಬರಬೇಕು? 1443ರಲ್ಲಿ ದೊರೆ ಶಾರುಖನ ರಾಯಭಾರಿಯಾಗಿ ಹೆರಾತಿನಿಂದ ಬಂದ ಅಬ್ದುರ್ ರಜಾಕ್ ಇಲ್ಲಿ ತಿಂಗಳುಗಟ್ಟಲೆ ಕೂತುಬಿಟ್ಟ. ಮಹಾನವಮಿ ನೋಡಿದ, ವೀಳ್ಯ ಮೆಲ್ಲುವುದರ ಬಗ್ಗೆಯೂ ಬರೆದಿಟ್ಟ. ಪೋರ್ಚುಗಲ್ಲಿನ ಡೊಮಿಂಗೊ ಪಾಯೆಸ್ 1520ರ ಸುಮಾರಿಗೆ ಬಂದು ಬೆಟ್ಟ ಹತ್ತಿ ನೋಡಿ, ಯಾವ ಒಂದು ಕಡೆ ನಿಂತರೂ ಊರು ಪೂರ್ತಿ ಕಾಣದು, ಹಾಗಾಗಿ ಅದರ ಗಾತ್ರ ಬರೆಯಲಾರೆ ಎಂದು ಕೈಚೆಲ್ಲಿದ. ಪಾಪ, ಅವನ ಹತ್ತಿರ ಡ್ರೋನ್ ಇರಲಿಲ್ಲ.

ಬರುವ ದಾರಿಯಲ್ಲಿ ಅನಂತಶಯನಗುಡಿ ಸಿಕ್ಕಿತಲ್ಲ, ಅದನ್ನು ನೀವು ಬಿಟ್ಟಿದ್ದು ಜಾಣತನ. ಒಳಗೆ ದೇವರೇ ಇಲ್ಲ. 1524ರಲ್ಲಿ ಕೃಷ್ಣದೇವರಾಯ ಕಟ್ಟಿಸಿದ ಗುಡಿ, ಗರ್ಭಗುಡಿಯಲ್ಲಿ ಉದ್ದನೆಯ ಪೀಠವಿದೆ, ಮಲಗಬೇಕಾದವನು ಬರಲಿಲ್ಲ. ರಾಯನ ಹಿಂದೆ ಹೊರಟ ಸ್ವಾಮಿ ದಾರಿಯಲ್ಲಿ ಹೊಳಲಿನಲ್ಲೇ ಮಲಗಿಬಿಟ್ಟ ಎಂದು ನಮ್ಮ ಕಡೆ ಹೇಳುತ್ತಾರೆ. ದಾರಿಯಲ್ಲಿ ಒಂದೂರು ಇಷ್ಟವಾಯಿತೆಂದು ಅಲ್ಲೇ ನಿಂತುಬಿಡುವುದು ದೇವರಿಗೆ ಸಾಧ್ಯ. ನಿಮಗೆಲ್ಲಿ ಸಾಧ್ಯ, ಹನ್ನೊಂದು ಗಂಟೆಗೆ ಕಲ್ಲಿನ ರಥ ಇತ್ತಲ್ಲ!

ವಿರೂಪಾಕ್ಷನ ಗುಡಿಯಲ್ಲಿ ಏನಾಯಿತೆಂದು ನಮಗೂ ಸುದ್ದಿ ಬಂತು. ಅಲ್ಲಿ ನಿಮಗೆ ದೊಡ್ಡ ತೊಂದರೆಯಾಯಿತಂತೆ: ಗುಡಿಯ ತುಂಬ ಜನ. ಊರೂರುಗಳಿಂದ ಬಂದವರು, ತುಂಗಭದ್ರೆಯಲ್ಲಿ ಮುಳುಗೆದ್ದು ಒದ್ದೆ ಸೀರೆಯಲ್ಲೇ ಬಂದವರು, ಬುತ್ತಿಗಂಟು ಬಿಚ್ಚಿ ರೊಟ್ಟಿ ಪುಂಡಿಪಲ್ಯ ತಿನ್ನುತ್ತಾ ಕಂಬಕ್ಕೆ ಒರಗಿದವರು. ಅಷ್ಟೆತ್ತರದ ಬಿಷ್ಟಪ್ಪಯ್ಯ ಗೋಪುರ ಇಡಿಯಾಗಿ ಚೌಕಟ್ಟಿಗೆ ಬಂತು, ಅದರ ಬುಡದಲ್ಲಿ ಒಬ್ಬಳು ಅಜ್ಜಿ ಬಂದುಬಿಟ್ಟಳು. ‘ಸ್ವಲ್ಪ ಸರೀತೀರಾ’ ಎಂದಿರಂತೆ. ‘ಸರೀತೀನಿ ತಗೋ ತಮ್ಮಾ, ನಿಂದು ಆದಮ್ಯಾಲೆ ಹೇಳು, ನಾನು ನಮಸ್ಕಾರ ಮಾಡ್ಬೇಕು’ ಅಂದಳಂತೆ. ಎಷ್ಟು ಒಳ್ಳೆಯ ಹೆಂಗಸು ನೋಡಿ. ಇಡೀ ಪಟ್ಟಣ ಹಾಳಾದ ಮೇಲೂ ಈ ಒಂದು ಗುಡಿಯಲ್ಲಿ ದೀಪ ಆರದಂತೆ ನೋಡಿಕೊಂಡದ್ದು ಇಂಥವರ ಎಣ್ಣೆ, ಇಂಥವರ ಕಾಯಿ, ಇಂಥವರ ಕಾಸು. ಆ ಗುಡಿಗೆ ನೀವು ಸಂಜೆ ನಾಲ್ಕು ಸ್ಟಾರ್ ಕೊಟ್ಟಿದ್ದೀರಿ. ಐದನೆಯದು ಜನಜಂಗುಳಿಯ ಲೆಕ್ಕದಲ್ಲಿ ಕಡಿತವಾಗಿದೆ. ವಿರೂಪಾಕ್ಷ ಮೇಲ್ಮನವಿ ಸಲ್ಲಿಸುವುದಿಲ್ಲ ಬಿಡಿ.

ಆದರೆ ಗುಡಿಯಿಂದ ಹೊರಗೆ ಬಂದ ಕೂಡಲೇ ನಿಮ್ಮ ಮನಸ್ಸು ತಂಪಾಯಿತು. ಗೋಪುರದ ಮುಂದಿನಿಂದ ಎದುರು ಬಸವಣ್ಣನವರೆಗೆ ಮುಕ್ಕಾಲು ಕಿಲೋಮೀಟರ್ ರಥಬೀದಿ, ಎರಡೂ ಕಡೆ ಸಾಲು ಮಂಟಪ, ನಡುವೆ ನರಪಿಳ್ಳೆ ಇಲ್ಲ. ‘ಕಾಲವೇ ನಿಂತುಹೋದಂತಿದೆ’ ಎಂದು ಫೋಟೊದ ಕೆಳಗೆ ಬರೆದಿರಿ. ಈ ಪತ್ರ ಬರೆಯಲು ಕೂತಿದ್ದು ಆ ಒಂದು ಸಾಲಿಗಾಗಿ.

ಅಲ್ಲಿ ಕಾಲ ತಾನಾಗಿ ನಿಲ್ಲಲಿಲ್ಲ ಸ್ವಾಮಿ, ಜೆಸಿಬಿ ತಂದು ನಿಲ್ಲಿಸಿದರು. ದಿನಾಂಕವೂ ಇದೆ: 2011ರ ಜುಲೈ 29. ಅಲ್ಲಿಯತನಕ ಆ ಸಾಲು ಮಂಟಪಗಳ ಒಳಗೂ ಮುಂದೆಯೂ ಮನೆಗಳಿದ್ದವು, ಕುಂಕುಮ ಕರ್ಪೂರದ ಅಂಗಡಿಗಳಿದ್ದವು, ಇಡ್ಲಿ ಹೋಟೆಲು, ಸೈಕಲ್ ಬಾಡಿಗೆಯವನು, ನಿಮ್ಮಂಥವರ ಹಿಂದಿನ ತಲೆಮಾರಿಗೆ ಸಡಿಲ ಪಾಯಿಜಾಮ ಹೊಲಿದುಕೊಡುವ ದರ್ಜಿ ಎಲ್ಲ ಇದ್ದರು. ಮುನ್ನೂರಕ್ಕೂ ಹೆಚ್ಚು ಕುಟುಂಬಗಳು. ಪರಂಪರೆಗೆ ಇವರಿಂದ ಅಪಾಯ ಎಂದಾಯಿತು. ತೀರ್ಥಕ್ಷೇತ್ರದ ಪೇಟೆಯಲ್ಲಿ ಜನ ಇರುವುದೇ ಅತಿಕ್ರಮಣ ಎಂದಾಯಿತು. ಆ ಪಾಯೆಸ್ ಮಹಾಶಯ ಇದೇ ಬೀದಿಯಲ್ಲಿ ಚೆಂದದ ಮನೆಗಳನ್ನೂ, ಮೊಗಸಾಲೆಗಳಲ್ಲಿ ತಂಗುವ ಯಾತ್ರಿಕರನ್ನೂ ಕಂಡು ಬರೆದಿದ್ದ. ಐದು ಶತಮಾನದ ಹಿಂದೆ ಅವನ ಕಣ್ಣಿಗೆ ವೈಭವವಾಗಿ ಕಂಡ ಜನವಸತಿ ಈಗಿನವರ ಕಣ್ಣಿಗೆ ಕಸವಾಗಿ ಕಂಡಿತು.

ಹಾಗೆ ಎಬ್ಬಿಸಿದವರಿಗೆ ನಿವೇಶನ ತೋರಿಸಿದ್ದು ಎಲ್ಲಿ ಹೇಳಿ ನೋಡೋಣ? ನೀವು ತಲೆ ಎತ್ತಿ ಮತ್ತೆ ತಗ್ಗಿಸಿದ ಕಡೆ, ನಮ್ಮ ಕಡ್ಡಿರಾಂಪುರದಲ್ಲಿ. ಗುಡಿಯಿಂದ ಸುಮಾರು ನಾಲ್ಕು ಕಿಲೋಮೀಟರ್. ಪ್ರವಾಸಿಗರು ಬರುವುದು ಅಲ್ಲಿ, ವ್ಯಾಪಾರಿಗಳು ಇರುವುದು ಇಲ್ಲಿ. ಹೀಗೊಂದು ವ್ಯವಸ್ಥೆಯನ್ನು ನಮ್ಮ ದೇಶದ ತಲೆಗಳು ಮಾತ್ರ ಯೋಚಿಸಬಲ್ಲವು. ಕುಂಕುಮ ಮಾರುತ್ತಿದ್ದ ಹೆಂಗಸಿಗೆ ಗೋಪುರದ ನೆರಳೇ ಅಂಗಡಿಯಾಗಿತ್ತು. ಆ ನೆರಳನ್ನು ನಾಲ್ಕು ಕಿಲೋಮೀಟರ್ ಎಳೆದು ತರುವ ಯೋಜನೆ ಇನ್ನೂ ಮಂಜೂರಾಗಿಲ್ಲ.

ಇನ್ನೊಂದು ಸಂಗತಿ. ಯಾರಿಂದ ಅಪಾಯ ಎಂದು ಜನರನ್ನು ಎಬ್ಬಿಸಿದರೋ ಅವರು ಹೋಗಿ ವರ್ಷಗಳೇ ಕಳೆದ ಮೇಲೆ, 2024ರ ಮೇ ತಿಂಗಳ ಮಳೆಗೆ ಆ ಸಾಲು ಮಂಟಪದ ಒಂದು ಭಾಗ ತಾನಾಗಿಯೇ ಕುಸಿದು ಬಿತ್ತು. ಒಳಗೆ ಒಲೆ ಹಚ್ಚುವವರಿರಲಿಲ್ಲ, ಮೊಳೆ ಹೊಡೆಯುವವರಿರಲಿಲ್ಲ. ಮಳೆಯ ಮೇಲೆ ಮೊಕದ್ದಮೆ ಹಾಕಿದ ಸುದ್ದಿ ಬರಲಿಲ್ಲ.

ಇಷ್ಟೆಲ್ಲ ಆಗಿದ್ದು ನಿಮ್ಮ ಫೋಟೊ ಚೊಕ್ಕವಾಗಿ ಬರಲಿ ಎಂದು. ಆದರೆ ಅದೇ ದಿನದ ನಿಮ್ಮ ಬರಹದ ಕೊನೆಯಲ್ಲಿ ಒಂದು ದೂರೂ ಇತ್ತು: ಆ ಬೀದಿಯಲ್ಲಿ ಒಂದು ಕಪ್ ಚಹಾ ಸಿಗಲಿಲ್ಲ, ಗುಡಿ ಸುತ್ತಿ ಜನತಾ ಪ್ಲಾಟ್ ತನಕ ನಡೆಯಬೇಕಾಯಿತು ಎಂದು. ಓದಿ ನಾನು ನಗಲಿಲ್ಲ ಎಂದರೆ ಸುಳ್ಳಾದೀತು. ನಮ್ಮ ಹೊಸ ನೆರೆಯವರು ಮಾತ್ರ ನಗಲಿಲ್ಲ.

ಹೊಳೆಯಾಚೆ ವಿರೂಪಾಪುರಗಡ್ಡೆಗೆ ಹೋಗಿ ತೂಗುಮಂಚದಲ್ಲಿ ಮಲಗುವ ಆಸೆಯಿತ್ತಂತೆ ನಿಮಗೆ. ಹಿಂದಿನವರು ಹಾಗೆ ಮಲಗಿ ವಾರಗಟ್ಟಲೆ ಏಳುತ್ತಿರಲಿಲ್ಲ. ಅಲ್ಲಿನ ರೆಸಾರ್ಟುಗಳ ಮೇಲೂ 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು, ಮಾರ್ಚಿನಲ್ಲಿ ನೆಲಸಮವಾದವು. ಅದರ ಬಗ್ಗೆ ನನಗೆ ಎರಡು ಮನಸ್ಸು. ಪರವಾನಗಿ ಇಲ್ಲದೆ ನದೀ ತೀರದಲ್ಲಿ ಕಟ್ಟಿದ ಮೋಜಿನ ಮನೆಗೂ, ರಥಬೀದಿಯಲ್ಲಿ ಕಾಯಿ ಕರ್ಪೂರ ಮಾರುತ್ತಿದ್ದವನಿಗೂ ಒಂದೇ ಯಂತ್ರ ಬಂತಲ್ಲ ಎಂಬುದಷ್ಟೇ ನನ್ನ ತಕರಾರು.

ವಿಜಯವಿಠ್ಠಲನ ಗುಡಿಗೆ ಹೋದಿರಿ, ಬ್ಯಾಟರಿ ಗಾಡಿಗೆ ಸಾಲು ನಿಂತಿರಿ. ನಲವತ್ತು ರೂಪಾಯಿ ಟಿಕೆಟ್ಟಿಗೆ ಗೊಣಗಿದಿರಂತೆ. ನಿಮ್ಮ ಹಿಂದೆ ನಿಂತಿದ್ದ ಪರದೇಶಿ ಆರು ನೂರು ಕೊಟ್ಟು ಸುಮ್ಮನಿದ್ದ. ಕಲ್ಲಿನ ರಥದ ಮುಂದೆ 50 ರೂಪಾಯಿ ನೋಟು ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ, ನೋಟಿನ ರಥಕ್ಕೂ ನಿಜದ ರಥಕ್ಕೂ ಸರಿ ಹೊಂದಿಸಿ ತೆಗೆದ ಚಿತ್ರ ನೋಡಿದೆ. ಚೆನ್ನಾಗಿದೆ. ಆ ರಥ ಗರುಡನ ಗುಡಿ, ಅದರ ನೆತ್ತಿಯ ಮೇಲೆ ಮೊದಲು ಇಟ್ಟಿಗೆಯ ಶಿಖರವೊಂದಿತ್ತು, ಈಗ ಇಲ್ಲ ಎಂದು ಗೈಡ್ ಹೇಳುತ್ತಿದ್ದಾಗ ನೀವು ಎರಡನೇ ಟೇಕ್ ತೆಗೆಯುತ್ತಿದ್ದಿರಿ. ಸಂಗೀತದ ಕಂಬ ಬಡಿಯಬೇಡಿ ಎಂದು ಬೋರ್ಡು ಹಾಕಿದ್ದಾರೆ, ಕಾವಲುಗಾರರೂ ಇದ್ದಾರೆ. ಆದರೂ ಕಾವಲುಗಾರ ಆಚೆ ತಿರುಗಿದಾಗ ಬೆರಳಿನಿಂದ ಒಂದೇ ಒಂದು ಸಲ ತಟ್ಟಿ ನೋಡಿದಿರಲ್ಲ? ಎಲ್ಲರೂ ಒಂದೇ ಒಂದು ಸಲ ತಟ್ಟುತ್ತಾರೆ.

ತಟ್ಟುವುದಾದರೂ ವಾಸಿ. 2019ರಲ್ಲಿ ಕೆಲವು ಯುವಕರು ಗಜಶಾಲೆಯ ಹಿಂದಿನ ವಿಷ್ಣು ಗುಡಿಯ ಹತ್ತಿರ ನಿಂತ ಕಂಬಗಳನ್ನು ದೂಡಿ ಬೀಳಿಸಿದ ವಿಡಿಯೊ ದೇಶವೆಲ್ಲ ಹರಿದಾಡಿತು. ನ್ಯಾಯಾಲಯ ಒಬ್ಬೊಬ್ಬರಿಗೆ 70,000 ರೂಪಾಯಿ ದಂಡ ಹಾಕಿದ್ದಲ್ಲದೆ, ಬಿದ್ದ ಕಂಬಗಳನ್ನು ಅವರಿಂದಲೇ ಮತ್ತೆ ನಿಲ್ಲಿಸಿತು. ಹಂಪಿಯ ಇತಿಹಾಸದಲ್ಲಿ ಕೆಡವಿದವರೇ ಕಟ್ಟಿಕೊಟ್ಟ ಉದಾಹರಣೆ ನಾನು ಕಂಡಂತೆ ಅದೊಂದೇ. ಸುಲ್ತಾನರನ್ನೂ ಹಾಗೇ ಕರೆಸಿದ್ದರೆ ಎಷ್ಟು ಕೆಲಸ ಹಗುರವಾಗುತ್ತಿತ್ತು! ಕಡ್ಡಿರಾಂಪುರದವರ ಮನಸ್ಸಿನಲ್ಲಿ ಕರೆಸಬೇಕಾದವರ ಇನ್ನೊಂದು ಪಟ್ಟಿಯೂ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಸಂಜೆ ಹೇಮಕೂಟದ ಬಂಡೆಯ ಮೇಲೆ ಸೂರ್ಯಾಸ್ತ. ನೂರಾರು ಫೋನುಗಳು ಒಂದೇ ಸೂರ್ಯನತ್ತ. ಕೆಳಗೆ ಬಾಳೆತೋಟಗಳ ಹಸಿರು ಬಂತಲ್ಲ ಚಿತ್ರದಲ್ಲಿ, ಅದರ ಬಗ್ಗೆ ಒಂದು ಮಾತು ಹೇಳಲೇಬೇಕು. ಆ ಬಾಳೆಗೆ ನೀರು ಬರುವುದು ವಿಜಯನಗರದ ಅರಸರ ಕಾಲದಲ್ಲಿ ತೆಗೆದ ಕಾಲುವೆಗಳಿಂದ. ತುರ್ತಾ ಕಾಲುವೆ, ರಾಯ ಕಾಲುವೆ, ಬಸವಣ್ಣ ಕಾಲುವೆ ಎಂದು ಇಲ್ಲಿಯ ರೈತರನ್ನು ಕೇಳಿದರೆ ಹೆಸರು ಹೇಳುತ್ತಾರೆ. ಅರಮನೆ ಬಿತ್ತು, ಸಿಂಹಾಸನ ಹೋಯಿತು, ಪೇಟೆ ಬಯಲಾಯಿತು; ಕಾಲುವೆಯಲ್ಲಿ ನೀರು ಬಿಡುವುದು, ಸರದಿಗೆ ಜಗಳವಾಡುವುದು ಇನ್ನೂ ನಡೆದಿದೆ. ಸಾಮ್ರಾಜ್ಯದ ಆಸ್ತಿಯಲ್ಲಿ ಇವತ್ತಿಗೂ ದುಡಿಯುತ್ತಿರುವುದು ಅದೇ. ನಿಮ್ಮ ಆಟೊ ಅದರ ಮೇಲೆ ದಾಟಿಕೊಂಡೇ ಬಂತು. ಅಲ್ಲಿ ಬೋರ್ಡು ಇಲ್ಲ, ಟಿಕೆಟ್ ಇಲ್ಲ, ಹಾಗಾಗಿ ಟೂರಿನವರ ‘ಪಾಯಿಂಟೂ’ ಅಲ್ಲ.

ಪಾಯಿಂಟ್ ಅಲ್ಲದ್ದು ನಮ್ಮೂರಲ್ಲೂ ಇದೆ. ವಿಜಯನಗರ ಕಾಲದ ಎರಡು ಮುಸ್ಲಿಂ ಗೋರಿಗಳು, ಗುಮ್ಮಟ ಹೊತ್ತು ನಿಂತಿವೆ. ರಾಯರ ಸೇನೆಯಲ್ಲಿ ಮುಸ್ಲಿಂ ಸೈನಿಕರೂ ಸರದಾರರೂ ಇದ್ದರು. ಶಾಲೆಯ ಪಾಠದಲ್ಲಿ, ಈಗಿನ ಭಾಷಣಗಳಲ್ಲಿ ಇದು ಬರುವುದು ಕಡಿಮೆ. ವಿರೂಪಾಕ್ಷನ ಗೋಪುರ ಒಂದು ಕಡೆ, ಈ ಗುಮ್ಮಟಗಳು ಇನ್ನೊಂದು ಕಡೆ, ನಡುವೆ ಕೆಲವೇ ಕಿಲೋಮೀಟರ್. ಎರಡನ್ನೂ ನೋಡಿದರೆ ವಿಜಯನಗರವನ್ನು ಕುರಿತು ಒಂದೇ ಸಾಲಿನ ತೀರ್ಪು ಕೊಡುವುದು ಕಷ್ಟವಾಗುತ್ತದೆ. ಬಹುಶಃ ಅದಕ್ಕೇ ಪ್ಯಾಕೇಜಿನಲ್ಲಿ ಸೇರಿಸಿಲ್ಲ.

ಆಟೊದವನ ಮೇಲೆ ಸಿಟ್ಟಾಗಬೇಡಿ. ಅವನು ನೀವು ಕೇಳಿದ್ದನ್ನು ತೋರಿಸುತ್ತಾನೆ. ನೂರು ರೂಪಾಯಿ ಇಳಿಸಿ ಎಂದು ಅರ್ಧ ತಾಸು ಚೌಕಾಸಿ ಮಾಡಿ ಗೆದ್ದಿರಲ್ಲ, ಆ ಅರ್ಧ ತಾಸು ನಿಮ್ಮದೇ ಲೆಕ್ಕದಲ್ಲಿ ನೂರು ಸ್ಮಾರಕಗಳಿಗೆ ಸಮ. ಅವನ ಮನೆ ನಮ್ಮ ಓಣಿಯಲ್ಲೇ ಇದೆ. ಮೊದಲು ಎಲ್ಲಿತ್ತೆಂದು ಕೇಳಿದ್ದರೆ ಹೇಳುತ್ತಿದ್ದ.

ಹಾಗಾದರೆ ಏನು ಮಾಡಬೇಕು ಎಂದು ಕೇಳುವಿರಾ? ದೊಡ್ಡದೇನೂ ಬೇಡ. ಮುಂದಿನ ಸಲ ಹಂಪಿಗೆ ಎರಡು ರಾತ್ರಿ ಇಡಿ. ಗುಡಿಯ ಮುಂದೆ ನಿಂತ ಅಜ್ಜಿಯನ್ನು ಸರಿಸಬೇಡಿ, ಅವಳು ಚಿತ್ರದಲ್ಲಿರಲಿ. ಚೈತ್ರದ ರಥೋತ್ಸವಕ್ಕೆ ಬಂದರೆ ಇನ್ನೂ ಒಳ್ಳೆಯದು. ಆ ಬೀದಿಯನ್ನು ಯಾಕಾಗಿ ಅಷ್ಟು ಅಗಲ ಮಾಡಿದ್ದರೆಂದು ಆಗ ಯಾರೂ ವಿವರಿಸಬೇಕಾಗುವುದಿಲ್ಲ. ಬರುವಾಗಲೋ ಹೋಗುವಾಗಲೋ ಕಡ್ಡಿರಾಂಪುರದಲ್ಲಿ ಇಳಿಯಿರಿ. ಗೋರಿ ನೋಡಲು ಟಿಕೆಟ್ ಇಲ್ಲ. ಒಗ್ಗರಣಿ ಮಿರ್ಚಿ ಬಿಸಿಯಾಗಿ ಸಿಗುತ್ತದೆ, ರಥಬೀದಿಯಲ್ಲಿ ಸಿಗದ ಚಹಾವೂ ಇಲ್ಲಿ ಸಿಗುತ್ತದೆ. ಮಾಡಿಕೊಡುವವರು ಆ ಬೀದಿಯವರೇ ಆಗಿದ್ದರೂ ಆಶ್ಚರ್ಯವಿಲ್ಲ. ದುಡ್ಡು ಮಾತ್ರ ಚೌಕಾಸಿ ಮಾಡದೆ ಕೊಡಿ.

ಇಂತಿ ನಿಮ್ಮ,
ಪಾಯಿಂಟ್ ಅಲ್ಲದ ಊರಿನವನು,
ಕಡ್ಡಿರಾಂಪುರ, ಹೊಸಪೇಟೆ ತಾಲ್ಲೂಕು, ವಿಜಯನಗರ ಜಿಲ್ಲೆ