ನೆತ್ತಿಯ ಮೇಲಿನ ನೆಲ್ಲಿ

ತಲೆಗೂದಲಿನ ಬಗ್ಗೆ ನನಗೆ ಬಂದಿರುವ ಸಲಹೆಗಳಲ್ಲಿ ಮುಕ್ಕಾಲು ಪಾಲು ತಲೆಗೂದಲು ಇಲ್ಲದವರಿಂದಲೇ ಬಂದಿವೆ. ಮೊಣಕಾಲಿನವರೆಗೆ ಜಡೆ ಇರುವವರು ಈ ವಿಷಯದಲ್ಲಿ ಬಾಯಿಯೇ ಬಿಡುವುದಿಲ್ಲ. ಬಲವಂತ ಮಾಡಿ ಕೇಳಿದರೆ "ಅಯ್ಯೋ, ಏನೂ ಹಚ್ಚಲ್ಲಪ್ಪ, ಹಾಗೇ ಇದೆ" ಎಂದು ಹೊಟ್ಟೆ ಉರಿಸುತ್ತಾರೆ. ನಮ್ಮ ಸೋದರಮಾವನ ವಿಷಯ ಬೇರೆ. ಅವರ ನೆತ್ತಿಯಲ್ಲಿ ಮುಖ ನೋಡಿಕೊಂಡು ನಾವು ಬೈತಲೆ ತೆಗೆಯಬಹುದು. ನೆಲ್ಲಿಕಾಯಿ ಎಣ್ಣೆಯ ಮಹಿಮೆಯನ್ನು ಮಾತ್ರ ಅವರ ಬಾಯಲ್ಲೇ ಕೇಳಬೇಕು. ಒಮ್ಮೆ ಧೈರ್ಯ ಮಾಡಿ, "ಮಾವ, ನೀವೂ ಚಿಕ್ಕಂದಿನಿಂದ ಅದನ್ನೇ ಹಚ್ಕೊಂಡು ಬಂದ್ರಲ್ವಾ?" ಎಂದೆ. "ಹಚ್ಚಿದ್ದಕ್ಕೇ ಕಣೋ ಕಿವಿ ಮೇಲಾದ್ರೂ ಇಷ್ಟು ಉಳಿದಿರೋದು!" ಎಂದರು. ಈ ವಾದಕ್ಕೆ ಪಾಟೀಸವಾಲು ಹಾಕುವ ವಕೀಲ ಇನ್ನೂ ಹುಟ್ಟಿಲ್ಲ.

ನಮ್ಮ ಮನೆಗೆ ಈ ಎಣ್ಣೆ ಬರುವುದು ಚಿಕ್ಕಮ್ಮನ ಅಡುಗೆಮನೆಯಿಂದ. ಉತ್ಥಾನ ದ್ವಾದಶಿಯಂದು ಕಾಯಿ ಸಮೇತ ನೆಲ್ಲಿಕೊಂಬೆಯನ್ನು ತುಳಸಿಕಟ್ಟೆಯಲ್ಲಿ ನೆಟ್ಟು, ಮದುವೆ ಮಾಡಿಸಿ, ನೆಲ್ಲಿಕಾಯಿಯನ್ನೇ ಕೊರೆದು ತುಪ್ಪದ ಬತ್ತಿ ಇಟ್ಟು ಆರತಿ ಎತ್ತುತ್ತೇವಲ್ಲ, ಅಲ್ಲಿಗೆ ಹಬ್ಬ ಮುಗಿಯಿತು, ಎಣ್ಣೆಯ ಕಾಲ ಶುರುವಾಯಿತು ಎಂದು ಅರ್ಥ. ಚಿಕ್ಕಮ್ಮ ಮಾರುಕಟ್ಟೆಗೆ ಹೊರಡುತ್ತಾಳೆ, ಚೀಲ ಹೊರುವುದಕ್ಕೆ ನಾನು. ನಿಂಬೆಹಣ್ಣಿನ ಗಾತ್ರದ, ಹೊಳೆಯುವ ತೋಟದ ಕಾಯಿಗಳನ್ನು ಅವಳು ಕಣ್ಣೆತ್ತಿಯೂ ನೋಡುವುದಿಲ್ಲ. "ಅದು ನೀರು ಕುಡಿದು ಊದಿರೋದು" ಎಂದು ಅಂಗಡಿಯವಳಿಗೆ ಕೇಳಿಸುವಂತೆಯೇ ಹೇಳಿ, ಮೂಲೆಯಲ್ಲಿ ಗೋಣಿಚೀಲದ ಮೇಲೆ ಸುರಿದಿರುವ ಗೋಲಿಯಷ್ಟು ಪುಟಾಣಿ ಕಾಡುಕಾಯಿಗಳ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಾಳೆ. ಒಂದೊಂದನ್ನೇ ತಿರುಗಿಸಿ ನೋಡಿ ಆರಿಸುತ್ತಾಳೆ. ನನಗೆ ಹುಡುಗಿ ನೋಡುವಾಗಲೂ ಮನೆಯವರು ಇಷ್ಟು ಕೂಲಂಕಷವಾಗಿ ನೋಡಿರಲಿಲ್ಲ.

ಆಮೇಲೆ ಜಜ್ಜು, ಬೀಜ ತೆಗಿ, ರಸ ಹಿಂಡು. ದೊಡ್ಡ ಬಾಣಲೆಯಲ್ಲಿ ಗಾಣದ ಕೊಬ್ಬರಿ ಎಣ್ಣೆ, ಅದಕ್ಕೆ ನೆಲ್ಲಿಕಾಯಿ ರಸ, ಕರಿಬೇವು, ದಾಸವಾಳದ ಎಲೆ, ನೆನೆಸಿದ ಮೆಂತ್ಯ, ಗದ್ದೆ ಬದುವಿನ ಗರುಗದ ಸೊಪ್ಪು. ಅರೆದ ಕಲ್ಕ ಒಂದು ಪಾಲಾದರೆ ಎಣ್ಣೆ 4 ಪಾಲು, ರಸವೋ ಕಷಾಯವೋ 16 ಪಾಲು ಎಂಬುದು ಆಯುರ್ವೇದದ ಸಾಮಾನ್ಯ ಲೆಕ್ಕ. ಚಿಕ್ಕಮ್ಮನದು ಕಣ್ಣಳತೆ. ಸಣ್ಣ ಉರಿಯಲ್ಲಿ ನೀರಿನಂಶವೆಲ್ಲ ಹೋಗುವವರೆಗೆ ಕಾಯಿಸಬೇಕು. ಆ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುವ ಹಾಗಿಲ್ಲ, ಕಾಫಿ ಕೇಳುವ ಹಾಗಂತೂ ಇಲ್ಲವೇ ಇಲ್ಲ.

ಹದ ನೋಡುವ ಕ್ರಮ ಮಾತ್ರ ನಿಜಕ್ಕೂ ಸೊಗಸು. ಬಾಣಲೆಯ ಗಸಿಯನ್ನು ಸ್ವಲ್ಪ ತೆಗೆದು ಬೆರಳಲ್ಲಿ ಬತ್ತಿಯಂತೆ ಹೊಸೆದು ಬೆಂಕಿಗೆ ಹಿಡಿಯುತ್ತಾಳೆ. ಚಟಪಟ ಎಂದರೆ ಒಳಗೆ ಇನ್ನೂ ನೀರಿದೆ. ಸದ್ದಿಲ್ಲದೆ ಉರಿದರೆ ಪಾಕ ಬಂತು. ಜೊತೆಗೆ ಎಣ್ಣೆಯ ಮೇಲೆ ನೊರೆ ಏಳಬೇಕು. ತುಪ್ಪವಾದರೆ ಉಲ್ಟಾ, ನೊರೆ ಅಡಗಬೇಕು. ವೈದ್ಯಗ್ರಂಥಗಳಲ್ಲಿಯೂ ಇದೇ ಪರೀಕ್ಷೆ ಇದೆ ಎಂದು ನಾನು ಎಲ್ಲೋ ಓದಿ ಬಂದು ದೊಡ್ಡದಾಗಿ ಹೇಳಿದೆ. "ಇರುತ್ತೆ, ಅವರ ಮನೇಲೂ ಹೆಂಗಸರು ಇದ್ದಿರ್ತಾರಲ್ಲ" ಎಂದಳು.

ಗ್ರಹಚಾರಕ್ಕೆ ನಾನು ಸುಮ್ಮನಿರದೆ ಸ್ವಲ್ಪ ವಿಜ್ಞಾನವನ್ನೂ ಓದಿಕೊಂಡೆ. ನೆಲ್ಲಿಕಾಯಿಯ ಕೀರ್ತಿಯೆಲ್ಲ ಸಿ ಜೀವಸತ್ವದ್ದು. ಹಳೆಯ ಪಟ್ಟಿಗಳಲ್ಲಿ 100 ಗ್ರಾಂ ಕಾಯಿಗೆ 600 ಮಿಲಿಗ್ರಾಂ ಎಂದಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಪಟ್ಟಿಯಲ್ಲಿ ಅದು 250ರ ಆಸುಪಾಸಿಗೆ ಇಳಿದಿದೆ. ಅಂದರೆ ವಯಸ್ಸಾದಂತೆ ನೆಲ್ಲಿಕಾಯಿಗೂ ಉದುರುತ್ತಿದೆ. ಆದರೂ ಕಿತ್ತಳೆಯನ್ನು ಹತ್ತಿರ ಸೇರಿಸುವ ಹಾಗಿಲ್ಲ. ತೊಂದರೆ ಇರುವುದು ಬೇರೆ ಕಡೆ: ಸಿ ಜೀವಸತ್ವ ಕರಗುವುದು ನೀರಿನಲ್ಲಿ, ಎಣ್ಣೆಯಲ್ಲಲ್ಲ. ಕಾಯಿಸುವ ಶಾಖಕ್ಕೆ ಹಾಳಾದದ್ದು ಹಾಳಾಗಿ, ಉಳಿದದ್ದು ಗಸಿಯಲ್ಲಿ ಕೂರಬೇಕೇ ಹೊರತು ಎಣ್ಣೆಗೆ ಇಳಿಯುವುದಿಲ್ಲ. ಆ ಗಸಿಯನ್ನು ಚಿಕ್ಕಮ್ಮ ಹಿತ್ತಲಿನ ದಾಸವಾಳದ ಬುಡಕ್ಕೆ ಸುರಿಯುತ್ತಾಳೆ. ದಾಸವಾಳ ನಿಜಕ್ಕೂ ಸೊಂಪಾಗಿ ಬೆಳೆದಿದೆ.

ಇದನ್ನು ಅವಳಿಗೆ ವಿವರಿಸಿ ಹೇಳಿದೆ. "ಚಿಕ್ಕಮ್ಮ, ನೆಲ್ಲಿಕಾಯಿಯ ಸತ್ವ ಈ ಎಣ್ಣೆಗೆ ಏನೂ ಇಳಿಯಲ್ಲ." ಅವಳು ಸೀಸೆಯನ್ನು ಬೆಳಕಿಗೆ ಹಿಡಿದಳು. "ಮತ್ತೆ ಹಸಿರಾಗಿದೆಯಲ್ಲೋ?"

"ಅದು ಕರಿಬೇವಿನ ಬಣ್ಣ."

"ಬಣ್ಣ ಇಳಿಯತ್ತೆ, ಗುಣ ಇಳಿಯಲ್ವಾ? ಬಣ್ಣಕ್ಕೆ ಮಾತ್ರ ದಾರಿ ಬಿಡತ್ತಾ ನಿನ್ನ ವಿಜ್ಞಾನ?"

ಅಂಗಡಿಯ ಸೀಸೆಗಳ ಕಥೆ ಇನ್ನೊಂದು. ಡಾಬರ್ ಆಮ್ಲಾ 1940ರಿಂದ ಮಾರುಕಟ್ಟೆಯಲ್ಲಿದೆ. ಅದರ ಹಿಂದೆ ಮುಂದೆ ಎಷ್ಟೋ ಹಸಿರು ಸೀಸೆಗಳು ಬಂದು ಹೋದವು. ನೆಲ್ಲಿಕಾಯಿ ಎಣ್ಣೆ ಎಂದು ಸಿಗುವ ಸೀಸೆಗಳಲ್ಲಿ ಅನೇಕದರ ಬೆನ್ನಿನ ಮೇಲೆ, ಕನ್ನಡಕ ಹಾಕಿಕೊಂಡರೂ ಕಾಣದ ಅಕ್ಷರಗಳಲ್ಲಿ, ಮೊದಲ ಹೆಸರು ಇರುವುದು ಖನಿಜ ತೈಲದ್ದು. ಅದು ಕಚ್ಚಾತೈಲದ ವಂಶದ್ದು, ನಮ್ಮ ಸ್ಕೂಟರಿನ ಪೆಟ್ರೋಲಿಗೆ ದಾಯಾದಿ. ಹಚ್ಚಿದರೆ ಹೊಳಪು ಬರುತ್ತದೆ, ಕೂದಲು ಸಿಕ್ಕಾಗುವುದಿಲ್ಲ, ಸುಳ್ಳಲ್ಲ. ಆದರೆ 2003ರಲ್ಲಿ ಭಾರತದ ಇಬ್ಬರು ಸಂಶೋಧಕರು ಕೊಬ್ಬರಿ, ಸೂರ್ಯಕಾಂತಿ, ಖನಿಜ ಎಂದು ಮೂರು ತೈಲಗಳನ್ನು ಕೂದಲಿಗೆ ಹಚ್ಚಿ ಹೋಲಿಸಿದಾಗ, ಕೂದಲಿನಿಂದ ಪ್ರೋಟೀನು ಸೋರಿಹೋಗುವುದನ್ನು ತಡೆದದ್ದು ಕೊಬ್ಬರಿ ಎಣ್ಣೆ ಮಾತ್ರ. ಅದರ ಲಾರಿಕ್ ಆಮ್ಲ ಕೂದಲಿನ ಒಳಕ್ಕೇ ಇಳಿಯುತ್ತದಂತೆ. ಹಾಗಾದರೆ ಚಿಕ್ಕಮ್ಮನ ಬಾಣಲೆಯಲ್ಲಿ ದುಡಿಯುತ್ತಿರುವುದು ಕೊಬ್ಬರಿ, ಹೆಸರು ಬರುತ್ತಿರುವುದು ನೆಲ್ಲಿಕಾಯಿಗೆ. ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಣ್ಣೆಯ ವಿಷಯದಲ್ಲಿ ಈಗ ದೇಶವೇ ನಮ್ಮ ಮೈಸೂರು ಸೀಮೆಯ ಕಡೆ ತಿರುಗಿ ನೋಡುತ್ತಿದೆ. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿಗಳು ಮಾಡುವ 'ಆದಿವಾಸಿ ಹೇರ್ ಆಯಿಲ್' ಮೊಬೈಲು ಮೊಬೈಲಿನಲ್ಲೂ ಹರಿದಾಡಿತು, ಮುಂಬಯಿಯ ಸಿನಿಮಾದವರೂ ಅದರ ಬಗ್ಗೆ ಮಾತಾಡಿದರು. ಮೂಲದಲ್ಲಿ ಇವರು ಹಕ್ಕಿ ಹಿಡಿಯುವವರು. 1972ರ ವನ್ಯಜೀವಿ ಕಾನೂನು ಬಂದ ಮೇಲೆ ಬಲೆ ಕೆಳಗಿಟ್ಟು ಗಿಡಮೂಲಿಕೆ ಹಿಡಿದರು. ಅದನ್ನು ಹೊತ್ತು ಆಫ್ರಿಕಾದವರೆಗೂ ಹೋದರು. 2023ರಲ್ಲಿ ಸುಡಾನಿನಲ್ಲಿ ಯುದ್ಧ ಶುರುವಾದಾಗ ಅಲ್ಲಿ ಸಿಕ್ಕಿಕೊಂಡ ಕನ್ನಡನಾಡಿನವರಲ್ಲಿ ಇವರೇ ಹೆಚ್ಚು ಸುದ್ದಿಯಾದದ್ದು. ಸೀಸೆಯ ಮೇಲಿನ ನೂರೆಂಟು ಮೂಲಿಕೆಯ ಮಾತನ್ನು ಯಾರು ಎಷ್ಟು ನಂಬುತ್ತಾರೋ ಬಿಡಿ. ಭಾಷೆ ಗೊತ್ತಿಲ್ಲದ ಊರಿನಲ್ಲಿ, ಗುಂಗುರು ಕೂದಲಿನ ಜನರ ನಡುವೆ ಕೂತು ಎಣ್ಣೆ ಮಾರಿ ಬಂದವರ ಎದೆಗಾರಿಕೆಗೆ ನಾನು ಟೋಪಿ ತೆಗೆಯುತ್ತೇನೆ. ಟೋಪಿ ತೆಗೆದರೆ ಏನು ಕಾಣುತ್ತದೆ ಎಂಬ ಅಂಜಿಕೆ ಇದ್ದರೂ.

ಆ ಅಂಜಿಕೆಯಿಂದಲೇ ಚರ್ಮದ ವೈದ್ಯರ ಹತ್ತಿರವೂ ಹೋಗಿದ್ದೆ, ಮಾವನ ಜೊತೆ. ಹೊರಗೆ ಕಾಣುವ ಕೂದಲು ಸತ್ತ ವಸ್ತು, ದಿನಕ್ಕೆ 50ರಿಂದ 100 ಉದುರುವುದು ಲೆಕ್ಕಕ್ಕಿಲ್ಲ, ಬೆಳೆಯುವುದು ತಿಂಗಳಿಗೆ ಒಂದು ಸೆಂಟಿಮೀಟರಿನಷ್ಟು, ಗಂಡಸರ ಬೋಳು ಬಹುಮಟ್ಟಿಗೆ ಹಾರ್ಮೋನು ಮತ್ತು ವಂಶದ ಕೊಡುಗೆ, ತಲೆಹೊಟ್ಟು ಇರುವವರು ಬುಡಕ್ಕೆ ಎಣ್ಣೆ ಹಾಕಿದರೆ ಹೊಟ್ಟಿನ ಹಿಂದಿರುವ ಶಿಲೀಂಧ್ರಕ್ಕೇ ಊಟ ಬಡಿಸಿದ ಹಾಗೆ: ಇಷ್ಟನ್ನೂ ಅವರು ಒಂದೇ ಉಸಿರಿನಲ್ಲಿ ಹೇಳಿದರು. ವಂಶ ಎಂದ ಕೂಡಲೇ ನಾನು ಮಾವನ ಕಡೆ ನೋಡಿದೆ, ಮಾವ ಗೋಡೆಯ ಕಡೆ ನೋಡಿದರು. ಕೊನೆಗೆ ವೈದ್ಯರು ಮಿನಾಕ್ಸಿಡಿಲ್ ಎಂಬ ಔಷಧದ ಹೆಸರು ಹೇಳಿದರು. ಅದು ಮೊದಲು ರಕ್ತದೊತ್ತಡದ ಮಾತ್ರೆಯಾಗಿತ್ತಂತೆ. ನುಂಗಿದವರಿಗೆ ಎಲ್ಲೆಂದರಲ್ಲಿ ಕೂದಲು ಬೆಳೆಯುವುದು ಕಂಡು ತಲೆಗೆ ಹಚ್ಚುವ ದ್ರವ ಮಾಡಿದರು, 1988ರಲ್ಲಿ ಅಮೆರಿಕದಲ್ಲಿ ಒಪ್ಪಿಗೆಯೂ ಸಿಕ್ಕಿತು. ಮಾವನಿಗೆ ಇಪ್ಪತ್ತು ವರ್ಷದಿಂದ ಬಿ.ಪಿ. ಹೊರಗೆ ಬಂದವರೇ, "ನೋಡಿದೆಯೇನೋ, ಅಂಥ ಮಾತ್ರೆ ಇಟ್ಕೊಂಡು ನನಗೆ ಯಾವುದೋ ಬೇರೆ ಬರೆದುಕೊಟ್ಟಿದ್ದಾರೆ!" ಎಂದು ಬಿ.ಪಿ. ಏರಿಸಿಕೊಂಡರು.

ತಿನ್ನುವ ನೆಲ್ಲಿಕಾಯಿಯ ಬಗ್ಗೆ ನನ್ನ ತಕರಾರಿಲ್ಲ. ಉಪ್ಪು, ಖಾರದಪುಡಿ ಸವರಿ ತಿಂದು ಮೇಲೆ ಒಂದು ಲೋಟ ನೀರು ಕುಡಿದರೆ ಆ ನೀರು ಸಿಹಿಯಾಗುತ್ತದಲ್ಲ, ಅದೊಂದೇ ಸಾಕು. ಅದನ್ನು ಬಿಟ್ಟು ಜನ ಬೆಳಗ್ಗೆ ಪಾರ್ಕಿನ ಗೇಟಿನಲ್ಲಿ ಹಾಗಲಕಾಯಿ, ಬಾಳೆದಿಂಡುಗಳ ಜೊತೆ ಅದನ್ನೂ ಅರೆಸಿ, ಕಣ್ಣು ಮುಚ್ಚಿ ಗಟಗಟ ಕುಡಿದು, ಮುಖ ಹಿಂಡಿಕೊಂಡು ಪಕ್ಕದ ದರ್ಶಿನಿಗೆ ನುಗ್ಗಿ ಬೆಣ್ಣೆ ಮಸಾಲೆಗೆ ಚೀಟಿ ತೆಗೆಸುತ್ತಾರೆ.

ಇನ್ನು ಎಣ್ಣೆಯಿಂದ ನಿದ್ದೆ ಬರುತ್ತದೆ, ಕಣ್ಣು ತಂಪಾಗುತ್ತದೆ ಎನ್ನುತ್ತಾರಲ್ಲ, ನಿದ್ದೆಯಂತೂ ನಿಜ. ಚಿಕ್ಕಮ್ಮ ತಟ್ಟುವ ರಭಸಕ್ಕೆ ನಿದ್ದೆಯೋ ಮೂರ್ಛೆಯೋ ಗೊತ್ತಾಗದ ಸ್ಥಿತಿ ಬರುತ್ತದೆ. ಹಾಗೆ ತೂಕಡಿಸುತ್ತಾ ನಾವು ಒರಗುವುದು ಸೋಫಾದ ಹಿಂದಿನ ಗೋಡೆಗೆ. ಅಲ್ಲಿ ಅಪ್ಪ, ನಾನು, ಮಗ ಹೀಗೆ ಎತ್ತರದ ಪ್ರಕಾರ ಎಣ್ಣೆಯ ಉಂಗುರಗಳು ಮೂಡಿ ನಮ್ಮ ವಂಶವೃಕ್ಷವೇ ತಯಾರಾಗಿದೆ. ಬಣ್ಣ ಬಳಿಯುವವನು ಎರಡು ಕೋಟು ಹೊಡೆದು ಸೋತು, "ಸಾರ್, ಇಲ್ಲೊಂದು ದೊಡ್ಡ ಫೋಟೋ ಹಾಕಿಬಿಡಿ" ಎಂದ. ಈಗ ಅಲ್ಲಿ ತಿರುಪತಿ ತಿಮ್ಮಪ್ಪ ಇದ್ದಾನೆ. ಮುಡಿ ಕೊಡುವುದಕ್ಕೆ ನಮ್ಮಲ್ಲಿ ಏನೂ ಉಳಿದಿಲ್ಲವೆಂಬುದು ಅವನಿಗೂ ಗೊತ್ತು.

ಎಲ್ಲಕ್ಕಿಂತ ದೊಡ್ಡ ತೊಡಕು ವಾರದ್ದು. ಭಾನುವಾರ ನೆಲ್ಲಿಕಾಯಿ ಕೂಡದು, ಅಭ್ಯಂಜನವೂ ಕೂಡದು ಎಂದು ನಮ್ಮಲ್ಲಿ ಕಟ್ಟುನಿಟ್ಟು. ಗಂಡಸರಿಗೆ ಬುಧವಾರ, ಶನಿವಾರ ಪ್ರಶಸ್ತ. ಈ ನಿಯಮ ಮಾಡಿದವರಿಗೆ ಆಫೀಸು ಇರಲಿಲ್ಲ. ಹೋದ ತಿಂಗಳು ಭಾನುವಾರ ಬೆಳಗ್ಗೆ ನಾನು ಪೇಪರು ಹಿಡಿದು ನಿಶ್ಚಿಂತೆಯಾಗಿ ಕೂತಿದ್ದೆ. ಚಿಕ್ಕಮ್ಮ ಎಣ್ಣೆಬಟ್ಟಲು ಹಿಡಿದು ಬಂದಳು.

"ಇವತ್ತು ಭಾನುವಾರ ಚಿಕ್ಕಮ್ಮ. ನೆಲ್ಲಿಕಾಯಿ ಮುಟ್ಟೋ ಹಾಗಿಲ್ಲ" ಎಂದೆ, ಶಾಸ್ತ್ರದ ಮೇಲೆ ಎಂದೂ ಇಲ್ಲದ ಭಕ್ತಿಯಿಂದ.

"ಇದರಲ್ಲಿ ನೆಲ್ಲಿಕಾಯಿದು ಏನೂ ಇಳಿದಿಲ್ಲ ಅಂತ ನೀನೇ ಹೇಳಿದೆಯಲ್ಲೋ" ಎಂದಳು.

"ಅಭ್ಯಂಜನ ಕೂಡದಲ್ಲ?"

"ಅಭ್ಯಂಜನ ಅನ್ನೋಕೆ ತಲೆ ತುಂಬ ಕೂದಲಿರಬೇಕು. ನಿಂದು ಬರೀ ಸವರಿಸಿಕೊಳ್ಳೋದು. ಪೇಪರ್ ಕೆಳಗಿಡು, ಜಿಡ್ಡಾಗತ್ತೆ."